ಹತ್ತನೆಯ ಆಜ್ಞೆಗೆ ಬಂದು ನಿಂತವಳು

ಭಾನುವಾರ ಬಂದರೆ ನನಗೆ ದಣಿವು ಶುರುವಾಗುತ್ತದೆ. ಚರ್ಚಿನ ಹೆಂಗಸು ಹೀಗೆ ಹೇಳಬಾರದು ಎನ್ನುವುದು ಗೊತ್ತು. ಆದರೆ ವಾರದ ಆರು ದಿನ ಬಸ್ಸಿನಲ್ಲಿ ಶಾಲೆಗೆ ಹೋಗಿಬಂದು, ಏಳನೆಯ ದಿನ ವಿಶ್ರಾಂತಿಯ ಆಜ್ಞೆಯನ್ನು ಪಾಠ ಮಾಡಲು ಮತ್ತೆ ಬಸ್ಸು ಹತ್ತುವವಳಿಗೆ ಇನ್ನೇನು ಅನ್ನಿಸಬೇಕು? ದೇವರಿಗೆ ನಗು ಬರುತ್ತಿರಬಹುದು. ನನಗೆ ಮೊಣಕಾಲು ನೋವು ಬರುತ್ತದೆ.

ನನ್ನ ಮನೆ ಇರುವುದು ಜೇವರ್ಗಿಯಲ್ಲಿ. ತಿಂಗಳಿಗೆ ಒಂದು ಭಾನುವಾರ ಊರಿನ ಸಭೆ, ಒಂದು ಆಳಂದದ್ದು, ಎರಡು ಅಫಜಲಪುರದ್ದು. ಮೂರೂ ಸಣ್ಣ ಸಭೆಗಳು. ಮೂರೂ ಸೇರಿದರೂ ಒಂದು ಬಸ್ಸು ತುಂಬುವುದಿಲ್ಲ. ನನ್ನ ಗಂಡ ಈ ಮೂರಕ್ಕೂ ಪಾಸ್ಟರ್ ಆಗಿದ್ದರು. ಅವರು ತೀರಿಕೊಂಡ ಮೇಲೆ ಬಂದ ಹೊಸ ಪಾಸ್ಟರ್‌ಗೆ ಇನ್ನೂ ಹಲವು ಊರುಗಳ ಜವಾಬ್ದಾರಿ ಇದೆ, ಒಂದೊಂದು ಕಡೆಗೆ ತಿಂಗಳಿಗೊಮ್ಮೆ ಬಂದು ಹೋಗುತ್ತಾರೆ. ದೃಢೀಕರಣದ ಪಾಠ ಮಾತ್ರ ನನ್ನ ತಲೆಗೆ ಬಂತು. ಶಾಲೆಯಲ್ಲಿ ಕನ್ನಡ ಕಲಿಸುವವಳು ತಾನೆ, ಇದನ್ನೂ ಕಲಿಸಲಿ ಎಂದರು. ಗಂಡ ನನಗೆ ಬಿಟ್ಟುಹೋದ ಆಸ್ತಿ ಎಂದರೆ ಇದೇ.

ನಮ್ಮಲ್ಲಿ ಮಗು ಹುಟ್ಟಿದಾಗ ನೀರು ಹಾಕಿ ದೀಕ್ಷಾಸ್ನಾನ ಮಾಡಿಸುತ್ತಾರೆ. ಬೆಳೆದ ಮೇಲೆ ಹತ್ತು ಆಜ್ಞೆಗಳನ್ನೂ ಕರ್ತನ ಪ್ರಾರ್ಥನೆಯನ್ನೂ ಸಭೆಯ ಮುಂದೆ ನಿಂತು ಬಾಯಿಪಾಠ ಒಪ್ಪಿಸಬೇಕು. ಪಾಸ್ಟರ್ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸುತ್ತಾರೆ. ಅದೇ ದೃಢೀಕರಣ. ಅದಾದ ಮೇಲೆಯೇ ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸ. ಅಲ್ಲಿಯವರೆಗೆ ಉಳಿದವರು ಮೊಣಕಾಲೂರಿ ಕೈಚಾಚುವಾಗ ಹಿಂದೆ ಕೂತು ನೋಡಬೇಕು.

ಪಾಠದ ಪುಸ್ತಿಕೆಯಲ್ಲಿ ಒಂದು ಪ್ರಶ್ನೆ ಇದೆ: ದೇವರು ಆಜ್ಞೆಗಳನ್ನು ಯಾಕೆ ಕೊಟ್ಟನು? ಅದಕ್ಕೆ ಉತ್ತರವನ್ನು ನಾನು ಮಲಗಿದ್ದಾಗ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಅವನ್ನು ಪಾಲಿಸಿ ನಾವೇ ನಮ್ಮನ್ನು ಉಳಿಸಿಕೊಳ್ಳಲಿ ಎಂದಲ್ಲ. ನಮ್ಮ ಕೈಲಾಗುವುದಿಲ್ಲ ಎನ್ನುವುದು ನಮಗೆ ತಿಳಿದು, ರಕ್ಷಿಸುವವನ ಹತ್ತಿರ ಹೋಗಲಿ ಎಂದು. ಇಷ್ಟು ಚಂದದ ಉತ್ತರವನ್ನು ವರ್ಷಗಟ್ಟಲೆ ಜನರಿಂದ ಬಾಯಿಪಾಠ ಮಾಡಿಸಿದೆ, ತಪ್ಪಿದವರಿಗೆ ಮುಂದಿನ ವಾರ ಬಾ ಎಂದೆ, ಒಪ್ಪಿಸಿದವರ ಹೆಸರಿನ ಮುಂದೆ ಗುರುತು ಹಾಕಿದೆ. ಆಜ್ಞೆಗಳನ್ನು ಪಾಸಾಗುವ ಪರೀಕ್ಷೆ ಮಾಡಿಟ್ಟವಳು ನಾನೇ ಎಂದು ಆಗ ಹೊಳೆಯಲಿಲ್ಲ. ಪರೀಕ್ಷೆ ಎಂದರೆ ಮೇಷ್ಟ್ರುಗಳಿಗೆ ಮೈಯಲ್ಲಿ ಕಸುವು ಬರುತ್ತದೆ ನೋಡಿ.

ಅಫಜಲಪುರದ ಸಭೆಗೆ ಒಬ್ಬ ಮುದುಕಿ ಬರುತ್ತಿದ್ದಳು. ಎಲ್ಲರೂ ಅವಳನ್ನು ಆಯಿ ಎನ್ನುತ್ತಿದ್ದರು, ನಾನೂ ಹಾಗೆಯೇ ಕರೆದೆ. ಸೊನ್ನದ ಕಡೆಯ ಒಂದು ಹಳ್ಳಿಯವಳು. ಚರ್ಚಿನ ಮನೆಯಲ್ಲೇ ಹುಟ್ಟಿದರೂ ಚಿಕ್ಕಂದಿನಿಂದ ಹೊಲದ ಕೂಲಿಗೆ ಹೋದವಳು, ಪಾಠಕ್ಕೆ ಕೂತವಳೇ ಅಲ್ಲ. ಆಮೇಲೆ ಮದುವೆ, ಮಕ್ಕಳು, ಮೊಮ್ಮಕ್ಕಳು. ಹೀಗೆ ದೃಢೀಕರಣವಿಲ್ಲದೆ ಎಪ್ಪತ್ತರ ಹತ್ತಿರಕ್ಕೆ ಬಂದಿದ್ದಳು. ಅಷ್ಟೂ ವರ್ಷ ಬಾಗಿಲ ಪಕ್ಕದ ಫರ್ಸಿ ಕಲ್ಲಿನ ನೆಲದ ಮೇಲೆ ಕೂತು, ಬೇರೆಯವರು ರೊಟ್ಟಿ ತೆಗೆದುಕೊಳ್ಳುವುದನ್ನು ನೋಡಿದ್ದಳು. ಅವಳ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ, ಅದೇ ಸಭೆಯಲ್ಲಿ ಮುಂದಿನ ಸಾಲಿನಲ್ಲಿ ಕೂಡುತ್ತಿದ್ದಳು.

ಒಂದು ಭಾನುವಾರ ಆಯಿ ನನ್ನ ಸೆರಗು ಹಿಡಿದು ಜಗ್ಗಿದಳು.

"ಅಕ್ಕೋರ, ನನಗೂ ಕಲಸ್ರಿ. ಒಮ್ಮೆರ ಆ ರೊಟ್ಟಿ ತಗೊಂಡು ಸಾಯ್ತೇನಿ."

"ಸಾಯೋದು ಯಾಕ ಆಯಿ, ಕಲಿ. ಮೂರು ತಿಂಗಳದಾಗ ಆಗತದ," ಎಂದೆ.

ಮೂರು ವರ್ಷ ಹಿಡಿಯಿತು. ಅವಳಿಗೆ ಓದು ಬಾರದು, ನಾನು ಹೇಳಿದ್ದನ್ನು ಕೇಳಿ ಕಲಿಯಬೇಕು. ಕರ್ತನ ಪ್ರಾರ್ಥನೆ ಎರಡು ವಾರದಲ್ಲಿ ಬಂತು. ಅವಳ ನೆನಪು ಚುರುಕಾಗಿತ್ತು. ಬೀಸುವ ಪದ ಗಂಟೆಗಟ್ಟಲೆ ಹೇಳುತ್ತಿದ್ದಳು. ಆದರೆ ಆಜ್ಞೆಗಳಿಗೆ ಬಂದರೆ ಬಂಡಿ ಕೆಸರಿಗೆ ಇಳಿದಂತೆ. ಎರಡು ಹೇಳಿ ಮೂರನೆಯದಕ್ಕೆ ನಿಂತಳು. ದೇವರ ಹೆಸರನ್ನು ಸುಮ್ಮಸುಮ್ಮನೆ ಎತ್ತಬಾರದು ಎನ್ನುವುದು ಮೂರನೆಯದು. ಒಂದು ಮಳೆಗಾಲವಿಡೀ ನಿಂತಳು. ನಾನು ಹೇಳಿಕೊಡುತ್ತಿದ್ದೆ, ಅವಳು ತುಟಿ ಬಿಗಿಹಿಡಿದು ನೆಲ ನೋಡುತ್ತಿದ್ದಳು. ದೀಪಾವಳಿಯ ಹೊತ್ತಿಗೆ ಒಂದು ದಿನ ತಾನಾಗಿ ಹೇಳಿಬಿಟ್ಟಳು, ಒಂದಕ್ಷರ ತಪ್ಪದೆ.

ನಾಲ್ಕನೆಯದು, ವಿಶ್ರಾಂತಿಯ ದಿನದ್ದು, ಬಿತ್ತಿಗೆಯಿಂದ ತೊಗರಿ ಕೊಯ್ಲಿನವರೆಗೆ. ಐದನೆಯದು, ತಂದೆತಾಯಿಯದು, ಮತ್ತೆ ಎರಡು ತಿಂಗಳು. ಏಳನೆಯದು, ವ್ಯಭಿಚಾರದ್ದು, ಮಾತ್ರ ಕೂತಲ್ಲೇ ಬಂತು. "ಇದಕ್ಕ ಈಗ ವಯಸ್ಸಿಲ್ಲ ಬಿಡ್ರಿ ಅಕ್ಕೋರ," ಎಂದು ಬಾಯಿಗೆ ಸೆರಗು ಹಿಡಿದು ನಕ್ಕಳು. ಎಂಟನೆಯದರಲ್ಲಿ ಮತ್ತೆ ಬೇಸಿಗೆಯೆಲ್ಲ ಹೋಯಿತು.

ನನ್ನ ವಹಿಯಲ್ಲಿ ಅವಳ ಹೆಸರಿನ ಮುಂದೆ ‘ನಿಧಾನ ಕಲಿಕೆ’ ಎಂದು ಬರೆದೆ. ಶಾಲೆಯಲ್ಲಿ ಬರೆದು ಬರೆದು ಕೈಗೆ ಹತ್ತಿದ ಮಾತು.

ಆ ಮೂರು ವರ್ಷಗಳಲ್ಲಿ ನಾನು ಏನು ಮಾಡಿದೆ ಎನ್ನುವುದನ್ನೂ ಇಲ್ಲೇ ಹೇಳಬೇಕು. ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ.

ನನ್ನ ಶಾಲೆ ಜೇವರ್ಗಿಯಿಂದ ಒಂದು ಗಂಟೆಯ ಬಸ್ಸಿನ ದಾರಿ, ಮುಖ್ಯ ರಸ್ತೆಯಲ್ಲಿ ಇಳಿದು ಮತ್ತೆ ನಡಿಗೆ. ಅಲ್ಲಿ ನನ್ನ ಜೊತೆ ಒಬ್ಬ ಶಿಕ್ಷಕಿ ಇದ್ದಳು, ನನಗಿಂತ ಹತ್ತು ವರ್ಷ ಸಣ್ಣವಳು. ಬಸವಣ್ಣನವರನ್ನು ನಂಬಿದ ಮನೆಯವಳು, ಕೊರಳಲ್ಲಿ ಲಿಂಗ. ಆರು ವರ್ಷ ಪಕ್ಕಪಕ್ಕದ ಕುರ್ಚಿಯಲ್ಲಿ ಕೂತೆವು. ಅವಳ ಡಬ್ಬಿಯ ಶೇಂಗಾ ಹಿಂಡಿ ನನ್ನ ರೊಟ್ಟಿಗೆ, ನನ್ನ ಪಲ್ಲೆ ಅವಳ ರೊಟ್ಟಿಗೆ. ನನ್ನನ್ನು ಅಕ್ಕ ಎನ್ನುತ್ತಿದ್ದಳು. ನನ್ನ ಗಂಡ ತೀರಿದಾಗ ಹನ್ನೆರಡು ದಿನ ನನ್ನ ತರಗತಿಯನ್ನೂ ತಾನೇ ನೋಡಿಕೊಂಡಳು.

ಒಂದು ವರ್ಗಾವಣೆಯ ಸುತ್ತಿನಲ್ಲಿ ಜೇವರ್ಗಿಯ ಶಾಲೆಯೊಂದರಲ್ಲಿ ಹುದ್ದೆ ಖಾಲಿಯಾಯಿತು. ನನ್ನ ಮನೆಯಿಂದ ಕೂಗಿದರೆ ಕೇಳುವಷ್ಟು ದೂರ. ಪ್ರಾರ್ಥನೆಯ ಗಂಟೆ ಹೊಡೆದ ಮೇಲೆ ಚಪ್ಪಲಿ ಮೆಟ್ಟಿ ಹೊರಟರೂ ಸಾಲಿಗೆ ಮುಟ್ಟಬಹುದಿತ್ತು. ನಾನು ಅರ್ಜಿ ಹಾಕಿದೆ, ಅವಳೂ ಹಾಕಿದಳು. ಅವಳಿಗೆ ಸೊಂಟದ ಶಸ್ತ್ರಚಿಕಿತ್ಸೆ ಆಗಿತ್ತು, ವೈದ್ಯಕೀಯ ಪ್ರಮಾಣಪತ್ರ ಇತ್ತು. ಹುದ್ದೆ ಅವಳಿಗೆ ಹೋಯಿತು. ನನಗೆ ಇದ್ದದ್ದು ಮೊಣಕಾಲು ನೋವು, ಅದಕ್ಕೆ ಯಾರೂ ಪ್ರಮಾಣಪತ್ರ ಕೊಡುವುದಿಲ್ಲ.

ದಿನಾ ಬೆಳಿಗ್ಗೆ ಬಸ್ ನಿಲ್ದಾಣಕ್ಕೆ ಹೋಗುವಾಗ ಆ ಶಾಲೆಯ ಗೇಟಿನ ಮುಂದೆಯೇ ಹಾದುಹೋಗಬೇಕು. ಒಳಗೆ ಅವಳು ಕಾಣುತ್ತಿದ್ದಳು, ನಿಧಾನವಾಗಿ, ಗೋಡೆ ಹಿಡಿದು ನಡೆಯುತ್ತ. ನನ್ನನ್ನು ಕಂಡರೆ ಕೈಯೆತ್ತುತ್ತಿದ್ದಳು. ನಾನೂ ಎತ್ತುತ್ತಿದ್ದೆ. ಎತ್ತಿದ ಕೈ ಇಳಿಸುವಷ್ಟರಲ್ಲಿ ಹೊಟ್ಟೆ ಉರಿಯುತ್ತಿತ್ತು. ಅವಳ ನಡಿಗೆ ನಾಟಕ ಅನ್ನಿಸಲು ಶುರುವಾಯಿತು. ಅನ್ನಿಸಿಕೊಂಡೆ ಎನ್ನುವುದೇ ಸರಿ.

ಒಂದು ಮಧ್ಯಾಹ್ನ ಶಾಲೆಯಲ್ಲಿ ಮಕ್ಕಳು ಊಟ ಮಾಡುತ್ತಿರುವಾಗ, ಖಾಲಿ ತರಗತಿಯಲ್ಲಿ ಕೂತು ಒಂದು ಮೂಗರ್ಜಿ ಬರೆದೆ. ಹೆಸರು ಹಾಕದ ದೂರು. ಪ್ರಮಾಣಪತ್ರ ಸುಳ್ಳು ಎಂದು ಎಲ್ಲರೂ ಮಾತಾಡುತ್ತಾರೆ ಎಂದು ಬರೆದೆ. ಯಾರೂ ಮಾತಾಡಿರಲಿಲ್ಲ. ಎಲ್ಲರೂ ಎಂದರೆ ನಾನೊಬ್ಬಳೇ. ನನ್ನ ದುಂಡು ಅಕ್ಷರವನ್ನು ಮುದುರಿಸಿ, ವಾಲಿಸಿ, ಗುರುತು ಸಿಗದಂತೆ ಬರೆದು ಅಂಚೆಗೆ ಹಾಕಿದೆ. ಆ ವಾರದ ಭಾನುವಾರ ಆಯಿಗೆ ಒಂಬತ್ತನೆಯ ಆಜ್ಞೆ ಹೇಳಿಕೊಟ್ಟೆ. ಅದು ಸುಳ್ಳುಸಾಕ್ಷಿಯದು. ನನ್ನ ದನಿ ನಡುಗಿತು ಎಂದು ಬರೆದರೆ ಓದುವವರಿಗೆ ಸಮಾಧಾನ ಆಗಬಹುದು. ನಡುಗಲಿಲ್ಲ.

ವಿಚಾರಣೆ ಬಂತು. ಯಾವುದೋ ಒಂದು ಕಾಗದದಲ್ಲಿ ಮೊಹರು ಇರಲಿಲ್ಲವಂತೆ. ಅವಳ ವರ್ಗಾವಣೆ ರದ್ದಾಗಿ, ನಿಂಬರ್ಗಾದ ಆಚೆಯ ಒಂದು ಶಾಲೆಗೆ ಹಾಕಿದರು. ಜೇವರ್ಗಿಯ ಹುದ್ದೆಗೆ ಬೇರೆ ಯಾರೋ ಬಂದರು. ನಾನು ಅದೇ ಬಸ್ಸಿನಲ್ಲೇ ಉಳಿದೆ. ಕಾಯಿಲೆ ಮಾತ್ರ ನಿಜ ಎಂದು ಆಮೇಲೆ ಎಲ್ಲರೂ ಹೇಳಿದರು. ಈ ಸಲ ನಿಜವಾಗಿಯೂ ಎಲ್ಲರೂ.

ಇಷ್ಟಾದ ಮೇಲೆಯೂ ನಾನು ತಿಂಗಳು ತಿಂಗಳು ಮೊಣಕಾಲೂರಿದೆ, ಕೈಚಾಚಿದೆ, ರೊಟ್ಟಿ ತಿಂದೆ. ಆಜ್ಞೆಗಳನ್ನು ಸಭೆಯ ಜೊತೆ ಗಟ್ಟಿಯಾಗಿ ಹೇಳಿದೆ. ಬಾಯಿಗೆ ರೂಢಿಯಾದದ್ದು ಮನಸ್ಸನ್ನು ಮುಟ್ಟದೆ ಹೋಗುತ್ತದೆ. ಸುಳ್ಳು ಹೇಳುವುದಕ್ಕಿಂತ ಇದು ಕೆಟ್ಟದ್ದು ಎಂದು ಈಗ ನನಗನ್ನಿಸುತ್ತದೆ.

ಆಯಿ ಒಂಬತ್ತನ್ನೂ ದಾಟಿ ಹತ್ತಕ್ಕೆ ಬಂದಳು. ನೆರೆಯವರ ಮನೆಗೆ, ಅವರ ಎತ್ತಿಗೆ, ಅವರದ್ದು ಎನ್ನುವ ಯಾವುದಕ್ಕೂ ಆಸೆಪಡಬಾರದು. ಇದೊಂದು ಆದರೆ ಮುಗಿಯಿತು. ಪಾಸ್ಟರ್ ದಿನವನ್ನೂ ಗೊತ್ತುಮಾಡಿದರು. ಮುದುಕಿ ನಿಂತೇ ನಿಂತಳು. ಮೊದಲ ತಿಂಗಳು ನಾನು ತಾಳಿಕೊಂಡೆ. ಎರಡನೆಯ ತಿಂಗಳು ಬಿಸಿಲು ಜೋರಾಗಿತ್ತು, ಚರ್ಚಿನ ತಗಡಿನ ಕೆಳಗೆ ಕೂತರೆ ನೆತ್ತಿ ಸುಡುತ್ತಿತ್ತು. ಬಸ್ಸು ಇಲ್ಲದೆ ಟಂಟಂ ಆಟೋದಲ್ಲಿ ಕುಕ್ಕರಿಸಿಕೊಂಡು ಬಂದಿದ್ದೆ. ನನ್ನ ಸಿಟ್ಟು ನೆತ್ತಿಗೇರಿತು.

"ಆಯಿ, ಒಂದು ಸಾಲು ಹೇಳಾಕ ಏನು ಧಾಡಿ ನಿನಗ? ನನಗೂ ಮನಿ ಅದ, ಮೈಯಾಗ ನೋವದ. ಹೇಳಿಬಿಡು, ಮುಗೀತು."

ಅವಳು ನನ್ನನ್ನೇ ನೋಡಿದಳು.

"ಹೇಳಿದ್ರ ಮುಗಿತದೇನ್ರಿ? ಹೇಳಿದ ಮ್ಯಾಲಲ್ಲೇನ್ರಿ ಶುರುವಾಗೋದು?"

"ಅಂದ್ರ?"

"ದೇವರ ಮುಂದ ನಿಂತು ಹೇಳೋದಂದ್ರ ಆಣಿ ಮಾಡಿದಂಗಲ್ಲೇನ್ರಿ ಅಕ್ಕೋರ? ಮಾಡಬಾರ್ದು ಅಂತ ಬಾಯಿ ಬಿಟ್ಟು ಹೇಳಿದ ಮ್ಯಾಲೆ ಮಾಡಿದ್ರ ಆಣಿ ತಪ್ಪಿದಂಗ. ಅದಕ್ಕ ನಾ ಒಂದೊಂದು ಬಿಟ್ಟ ಮ್ಯಾಲೇ ಹೇಳೀನಿ."

ನನಗೆ ತಕ್ಷಣ ಅರ್ಥವಾಗಲಿಲ್ಲ. ಅವಳೇ ಬಿಡಿಸಿ ಹೇಳಿದಳು. ಮಾತುಮಾತಿಗೆ ದೇವರಾಣಿ, ದೇವರಾಣಿ ಅನ್ನುವ ಚಾಳಿ ಇತ್ತಂತೆ. ಅದನ್ನು ಬಿಡಲು ಒಂದು ಮಳೆಗಾಲ ಬೇಕಾಯಿತು, ಬಿಟ್ಟ ಮೇಲೆ ಮೂರನೆಯದನ್ನು ಹೇಳಿದಳು. ಕೂಲಿ ಕೊಡುವ ಗೌಡರ ಮನೆಯಲ್ಲಿ ಐತಾರ, ಅಂದರೆ ಭಾನುವಾರ, ಬರುವುದಿಲ್ಲ ಎಂದು ಒಪ್ಪಿಸಲು ಕೊಯ್ಲಿನವರೆಗೆ ಹಿಡಿಯಿತು, ಆಮೇಲೆ ನಾಲ್ಕನೆಯದು. ಅಪ್ಪ ಅವ್ವನ ಗೋರಿಗಳ ಮೇಲೆ ಜಾಲಿ ಬೆಳೆದಿತ್ತು. ಕಡಿದು, ಕಲ್ಲು ಜೋಡಿಸಿ, ಸುಣ್ಣ ಬಳಿದು ಬಂದು ಐದನೆಯದು ಹೇಳಿದಳು. ಎಂದೋ ಒಂದು ಮದುವೆ ಮನೆಯಿಂದ ಎತ್ತಿಕೊಂಡು ಬಂದಿದ್ದ ಹಿತ್ತಾಳೆಯ ಚರಿಗೆಯನ್ನು ಆ ಮನೆಯವರನ್ನು ಹುಡುಕಿಕೊಂಡು ಹೋಗಿ ಕೊಟ್ಟುಬಂದಳು, ಅದು ಎಂಟನೆಯದು. ಆ ಮದುವೆಯ ಮದುಮಗಳಿಗೆ ಈಗ ಮೊಮ್ಮಕ್ಕಳಂತೆ. ಚರಿಗೆ ನೋಡಿ ಅವರಿಗೆ ನಗು ತಡೆಯಲಾಗಲಿಲ್ಲವಂತೆ.

ನಾನು ಫರ್ಸಿಯ ಮೇಲೆ ಕೂತುಬಿಟ್ಟೆ. ನಿಧಾನ ಕಲಿಕೆ ಎಂದು ಬರೆದಿದ್ದೆನಲ್ಲ. ಇಷ್ಟು ವರ್ಷದಲ್ಲಿ ನನ್ನ ಕೈಕೆಳಗೆ ಕಲಿತವರಲ್ಲಿ ನಿಜವಾಗಿ ಕಲಿತವಳು ಇವಳೊಬ್ಬಳೇ. ಅದೂ ನಾನು ಕಲಿಸಿದ್ದಲ್ಲ, ಅವಳೇ ತಪ್ಪಾಗಿ ತಿಳಿದುಕೊಂಡು ಕಲಿತದ್ದು.

"ಹತ್ತನೇದು ಯಾಕ ಆಗವಲ್ಲದು?" ಎಂದು ಕೇಳಿದೆ. ಈಗ ನನ್ನ ದನಿ ಸಣ್ಣದಾಗಿತ್ತು.

ಅವಳು ಮುಂದಿನ ಸಾಲಿನ ಖಾಲಿ ಜಾಗದ ಕಡೆಗೆ, ನೆಗೆಣ್ಣಿ ಕೂಡುವ ಕಡೆಗೆ, ಗದ್ದ ಎತ್ತಿದಳು.

"ಪಾಲು ಆಗುವಾಗ ಯಾವ ಹೊಲ ಬೇಕಂತ ನನ್ನೇ ಮೊದಲು ಕೇಳಿದ್ರು. ನಾ ರಸ್ತಾದ ಕಡೀದು, ಬೇವಿನ ಗಿಡ ಇದ್ದದ್ದು ತಗೊಂಡೆ. ಜಾಣಿ ನಾನು! ಆಮ್ಯಾಲೆ ಸೊನ್ನದ ಬ್ಯಾರೇಜಿನ ನೀರು ಕಾಲುವಿ ಹಿಡದು ಬಂತು ನೋಡ್ರಿ, ಆಕಿ ಹೊಲದ ತನಕ ಬಂತು, ನಿಂತುಬಿಡ್ತು. ನನ್ನ ಬದುವಿಗೆ ನೀರು ಮುಟ್ಟಲಿಲ್ಲ. ಆಕಿದು ಕಬ್ಬು, ನಂದು ಅದೇ ಜ್ವಾಳ, ಅದೇ ತೊಗರಿ. ಗಾಳಿ ಬೀಸಿ ಆ ಕಬ್ಬಿನ ಎಲಿ ಸಪ್ಪಳ ಆದ್ರ ನನ್ನ ಹೊಟ್ಟ್ಯಾಗ ಸಪ್ಪಳ ಆಗತದ."

"ಆಕಿ ನಿನಗ ಏನರ ಕೆಟ್ಟದ್ದು ಮಾಡ್ಯಾಳೇನು?"

"ಏನಿಲ್ಲರಿ. ಅದೇ ತ್ರಾಸು. ವರ್ಷಾ ಕಬ್ಬಿನ ಗಳ ಹೊರಿ ಕಟ್ಟಿ ಕಳಸ್ತಾಳ. ನಾ ಒಂದೂ ತಿನ್ನಂಗಿಲ್ಲ, ಎಮ್ಮಿಗೆ ಹಾಕ್ತೇನಿ. ಕೈ ಕದೀಬ್ಯಾಡ ಅಂದ್ರ ನಿಲ್ಲತದ. ಬಾಯಿ ಸುಳ್ಳಾಡಬ್ಯಾಡ ಅಂದ್ರ ನಿಲ್ಲತದ. ಈ ಹೊಟ್ಟಿ ಉರಿ ಹ್ಯಾಂಗ ನಿಲ್ಲಸ್ಲಿ? ಒಂಬತ್ತು ಮಾಡಿದೆ ಅಂತ ಹೆಮ್ಮಿ ಇತ್ತು ನನಗ. ಇದಕ್ಕ ಬಂದ ಮ್ಯಾಲೆ ಗೊತ್ತಾತು, ನಾ ಏನೂ ಮಾಡಿಲ್ಲ." ಆಮೇಲೆ ನಿಜವಾಗಿಯೂ ತಿಳಿಯಬೇಕು ಎನ್ನುವವಳ ಹಾಗೆ ಕೇಳಿದಳು: "ನೀವು ಹ್ಯಾಂಗ್ರಿ ಅಕ್ಕೋರ ಅದನ್ನ ಅಷ್ಟು ಗಳಗಳ ಹೇಳ್ತೀರಿ? ನಿಮಗ ಹ್ಯಾಂಗ ಸಾಧಿಸ್ತು?"

ಅವಳ ಮಾತಿನಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ಸಿಟ್ಟು ಮಾಡಿಕೊಂಡು ಬಸ್ಸು ಹತ್ತಿಬಿಡುತ್ತಿದ್ದೆ. ಬಸ್ಸಿಗೆ ಹೊತ್ತಾಯಿತು ಎಂದಷ್ಟೇ ಹೇಳಿ ಎದ್ದೆ. ಆ ದಿನ ದಾರಿಯುದ್ದಕ್ಕೂ ನನ್ನ ಹಳೆಯ ಬಾಯಿಪಾಠ ನನ್ನ ಮೇಲೆಯೇ ತಿರುಗಿಬಿತ್ತು. ದೇವರು ಆಜ್ಞೆಗಳನ್ನು ಯಾಕೆ ಕೊಟ್ಟನು? ಪುಸ್ತಿಕೆ ಹೇಳಿದ ಉತ್ತರವನ್ನು ಓದಲು ಬಾರದ ಮುದುಕಿ ಹೊಲದ ಬದುವಿನ ಮೇಲೆ ನಿಂತು ಕಂಡುಕೊಂಡಿದ್ದಳು. ನಾನು ಉತ್ತರ ಹೇಳುತ್ತ ಹೇಳುತ್ತ ಪ್ರಶ್ನೆಯಿಂದ ತಪ್ಪಿಸಿಕೊಂಡಿದ್ದೆ.

ದೃಢೀಕರಣದ ಭಾನುವಾರ ಬಂತು. ಹಿಂದಿನ ದಿನ ಒಣದ್ರಾಕ್ಷಿ ನೆನೆಹಾಕಿ, ಕಿವುಚಿ, ಸೋಸಿ ರಸ ಮಾಡಿದ್ದೆ. ಬೇಕರಿಯ ಬ್ರೆಡ್ಡನ್ನು ಸಣ್ಣ ಚೂರು ಮಾಡಿ ತಟ್ಟೆಯಲ್ಲಿಟ್ಟು ಬಿಳಿ ಬಟ್ಟೆ ಮುಚ್ಚಿದೆ. ಆಯಿ ಹೊಸ ಇಳಕಲ್ ಸೀರೆ ಉಟ್ಟು ಬಂದಿದ್ದಳು. ಹತ್ತನೆಯದು ಬಂದರೆ ಏನು ಮಾಡುತ್ತೀ ಎಂದು ಕೇಳಿದೆ. "ನಿಂದರ್ತೇನಿ. ಅವರು ಏನು ಮಾಡ್ತಾರೋ ಮಾಡ್ಲಿ," ಎಂದಳು.

ಮುಂದೆ ನಿಂತು ಹೇಳಲು ಶುರುಮಾಡಿದಳು. ಒಂದೊಂದನ್ನೂ ಹೇಳುವಾಗ ನನಗೆ ಸುಣ್ಣ ಬಳಿದ ಗೋರಿ, ಹಿತ್ತಾಳೆಯ ಚರಿಗೆ ಕಣ್ಣಿಗೆ ಬಂದವು. ಒಂಬತ್ತು ಮುಗಿಯಿತು. ನಿಂತಳು. ತಗಡಿನ ಮೇಲೆ ಕಾಗೆ ನಡೆಯುವ ಸದ್ದು ಕೇಳಿಸಿತು. ಮುಂದಿನ ಸಾಲಿನಲ್ಲಿ ನೆಗೆಣ್ಣಿ ಮುಗುಳ್ನಗುತ್ತ, ಹೇಳು ಹೇಳು ಎಂದು ತಲೆಯಾಡಿಸುತ್ತಿದ್ದಳು, ಪಾಪ. ಪಾಸ್ಟರ್ ವಯಸ್ಸಿನಲ್ಲಿ ಸಣ್ಣವರು, ಒಳ್ಳೆಯ ಮನುಷ್ಯ. ಮುದುಕಿಗೆ ಮರೆತಿದೆ ಎಂದುಕೊಂಡರು.

"ಟೀಚರ್, ನೀವು ಒಂದು ಸಲ ಹೇಳಿಕೊಡ್ರಿ. ನಿಮ್ಮ ಹಿಂದ ಹೇಳ್ತಾರ," ಎಂದರು.

ನಾನು ಎದ್ದು ಅವಳ ಪಕ್ಕದಲ್ಲಿ ನಿಂತೆ. ಬಾಯಿ ತೆರೆದೆ. ಬರಲಿಲ್ಲ. ಮರೆತಿರಲಿಲ್ಲ, ಪ್ರತಿಯೊಂದು ಅಕ್ಷರವೂ ನಾಲಿಗೆಯ ಹಿಂದೆಯೇ ಇತ್ತು. ಅದರ ಮುಂದೆ ಆ ಶಾಲೆಯ ಗೇಟು ನಿಂತಿತ್ತು, ಒಳಗೆ ಗೋಡೆ ಹಿಡಿದು ನಡೆಯುವವಳು ಕೈಯೆತ್ತುತ್ತಿದ್ದಳು. ಈ ಮುದುಕಿಯ ಪಕ್ಕದಲ್ಲಿ ನಿಂತು ಹೇಳಿದರೆ ಅದು ಆಣೆಯೇ. ಸಭೆ ನನ್ನನ್ನೇ ನೋಡುತ್ತಿತ್ತು.

ಆಗ ಆಯಿ ನನ್ನ ಕೈ ಹಿಡಿದಳು. ನನಗೆ ಮರೆತುಹೋಗಿದೆ, ಎಲ್ಲರೆದುರು ನನಗೆ ಅವಮಾನ ಆಗುತ್ತಿದೆ ಎಂದು ತಿಳಿದು, ನನ್ನ ಕಡೆಗೆ ಬಾಗಿ ಹೇಳಿಕೊಟ್ಟಳು.

"ಬಾಜೂದವರ ಮನಿಗೆ ಆಸಿ ಪಡಬಾರ್ದು ಅಕ್ಕೋರ. ಅವರ ಎತ್ತಿಗೆ, ಅವರ ಹೊಲಕ್ಕ, ಅವರದು ಅಂಬೋದು ಯಾವದಕ್ಕೂ."

ತಿಂಗಳುಗಟ್ಟಲೆ ಬಾಯಿ ಬಿಡದವಳು ನನ್ನ ಮಾನ ಉಳಿಸಲು ಬಾಯಿ ಬಿಟ್ಟಳು. ಹೇಳಿದ ಮೇಲೆ ತಾನು ಏನು ಹೇಳಿದೆ ಎಂದು ಅವಳಿಗೇ ಹೊಳೆದು ಗಾಬರಿಯಾಯಿತು. ಪಾಸ್ಟರ್ ಮಾತ್ರ ಸಂತೋಷದಿಂದ, "ಬಂತಲ್ಲ! ಸಾಕು, ಸಾಕು," ಎಂದು ಅವಳ ತಲೆಯ ಮೇಲೆ ಕೈಯಿಟ್ಟರು.

ಅವಳು ಮೊಣಕಾಲೂರಿ ಕೂತಳು. ಪಾಸ್ಟರ್ ತಟ್ಟೆ ತಂದಾಗ, ಸಣ್ಣ ದನಿಯಲ್ಲಿ, ಆದರೆ ನನಗೆ ಕೇಳುವಂತೆ ಹೇಳಿದಳು: "ಪಾದ್ರಿ ಸಾಹೇಬ್ರ, ಕಡೀದು ನನ್ನ ಕೈಲೆ ಆಗಿಲ್ಲರಿ. ಆಣಿ ತಪ್ಪತೇನಿ ನಾನು."

ಅವರು ಅವಳ ಮುಖ ನೋಡಿದರು. "ಅದಕ್ಕ ಇದು ಇರೋದು ಆಯಿ. ತಗೋರಿ," ಎಂದರು. ನನ್ನ ಪುಸ್ತಿಕೆಯ ಉತ್ತರಕ್ಕಿಂತ ಅದು ಚಿಕ್ಕದಿತ್ತು. ಅವಳು ಚೂರು ರೊಟ್ಟಿಯನ್ನು ಎರಡೂ ಅಂಗೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿ, ಆಮೇಲೆ ಬಾಯಿಗಿಟ್ಟುಕೊಂಡಳು. ತಟ್ಟೆ ನನ್ನ ಮುಂದೆ ಬಂತು. ನಾನು ತಲೆ ಅಲ್ಲಾಡಿಸಿದೆ. ಪಾಸ್ಟರ್ ಒಂದು ಕ್ಷಣ ತಡೆದು ಮುಂದೆ ಹೋದರು.

ಶನಿವಾರ ಬೆಳಗಿನ ಶಾಲೆಗೆ ರಜೆ ಹಾಕಿ ನಿಂಬರ್ಗಾಕ್ಕೆ ಹೊರಟೆ. ಕಲಬುರಗಿಯಲ್ಲಿ ಬಸ್ಸು ಬದಲಿಸಿ, ನಿಂಬರ್ಗಾದಲ್ಲಿ ಇಳಿದು, ಅಲ್ಲಿಂದ ಟಂಟಂ. ತೊಗರಿ ಹೊಲಗಳ ನಡುವೆ ದಾರಿ ಮುಗಿಯುವುದೇ ಇಲ್ಲ ಅನ್ನಿಸಿತು. ಸೊಂಟಕ್ಕೆ ಸರಳು ಹಾಕಿಸಿಕೊಂಡವಳು ದಿನಾ ಹೀಗೆ ಕುಲುಕಿಸಿಕೊಂಡು ಬರುತ್ತಾಳಲ್ಲ ಎಂದು ಪ್ರತಿಯೊಂದು ಗುಂಡಿಯಲ್ಲೂ ಅನ್ನಿಸಿತು. ಶಾಲೆ ಬಿಡುವ ಹೊತ್ತಿಗೆ ಮುಟ್ಟಿದೆ. ಅವಳು ಕೋಲು ಹಿಡಿದು ಹೊಸ್ತಿಲಲ್ಲಿ ನಿಂತಿದ್ದಳು, ಇಳಿದುಹೋಗಿದ್ದಳು. ನನ್ನನ್ನು ಕಂಡು ಕುರ್ಚಿ ಎಳೆದು ಕೊಟ್ಟಳು.

ನಾನು ಕೂಡಲಿಲ್ಲ. ನಿಂತೇ ಹೇಳಿದೆ: "ಆ ಮೂಗರ್ಜಿ ಬರೆದಾಕಿ ನಾನು."

"ಗೊತ್ತದರಿ ಮೇಡಂ," ಎಂದಳು. ಅಕ್ಕ ಎನ್ನಲಿಲ್ಲ. "ವಿಚಾರಣೀಗೆ ಕರದಾಗ ನನಗ ಓದಾಕ ಕೊಟ್ಟಿದ್ರು. ಆರು ವರ್ಷ ನಿಮ್ಮ ಹಾಜರಿ ಪುಸ್ತಕ ನೋಡಾಕಿ, ನಿಮ್ಮ ಅಕ್ಷರ ಎಷ್ಟು ವಾಲಿಸಿದ್ರೂ ನನಗ ಗೊತ್ತಾಗಲ್ಲೇನು?"

"ಗೊತ್ತಿದ್ರ ಅವತ್ತೇ ಯಾಕ ಹೇಳಲಿಲ್ಲ?"

"ಗಂಡ ಸತ್ತಾಕಿ, ನೌಕರಿಗೆ ಕುತ್ತು ಬರಬಾರ್ದು ಅಂತ." ಅವಳು ಮೇಜಿನ ಖಾನೆಯಿಂದ ಒಂದು ದೊಡ್ಡ ಲಕೋಟೆ ತೆಗೆದು, ಎಕ್ಸ್-ರೇ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಎಲುಬು, ಅದರಲ್ಲಿ ಬಿಳಿ ಸರಳು, ಮೊಳೆಗಳು. "ನೋಡ್ರಿ. ಬರೆಯೋಕಿಂತ ಮೊದಲು ನನ್ನ ಕೇಳಿದ್ದರ ತೋರಸ್ತಿದ್ದೆ."

ನೋಡಿದೆ. ಮುರಿದದ್ದು ಎಲ್ಲಿ ಎಂದು ಆ ಹಾಳೆ ಎಷ್ಟು ಸ್ಪಷ್ಟವಾಗಿ ತೋರಿಸುತ್ತಿತ್ತು. ಆದರೆ ಅದನ್ನು ನೋಡುತ್ತ ಕೂತರೆ ಯಾರ ಎಲುಬೂ ಕೂಡುವುದಿಲ್ಲ. ನನ್ನ ಹತ್ತು ಆಜ್ಞೆಗಳೂ ಅಷ್ಟೇ ಎಂದು ಅಲ್ಲಿ ನಿಂತಾಗ ಅನ್ನಿಸಿತು. ತಪ್ಪಾಯಿತು ಎಂದೆ. ನನ್ನ ಹೆಸರು ಹಾಕಿ ಕಚೇರಿಗೆ ಬರೆದುಕೊಡುತ್ತೇನೆ ಎಂದೆ. ಅಳು ಬಂತು, ಅವಳೆದುರು ಅಳುವ ಹಕ್ಕೂ ನನಗಿರಲಿಲ್ಲ.

"ಬರೀರಿ. ಬರಿಯೋದು ನಿಮಗ ಬಿಟ್ಟದ್ದು," ಎಂದು ಎಕ್ಸ್-ರೇ ಹಾಳೆಯನ್ನು ಲಕೋಟೆಗೆ ಹಾಕಿದಳು. "ಕ್ಷಮಾ ಮಾಡೀನಿ ಅಂತ ಅನ್ನಾಕ ನನಗ ಈಗ ಆಗಂಗಿಲ್ಲರಿ. ಸುಳ್ಳು ಯಾಕ ಹೇಳ್ಲಿ? ಟಂಟಂ ಈಗೊಂದು ಅದ ನೋಡ್ರಿ, ತಪ್ಪಿದ್ರ ಮತ್ತ ಎರಡು ತಾಸು ಇಲ್ಲ."

ಟಂಟಂ ಹತ್ತಿದೆ. ಸೋಮವಾರ ನನ್ನ ದುಂಡು ಅಕ್ಷರದಲ್ಲೇ, ಹೆಸರು ಹಾಕಿ, ಕಚೇರಿಗೆ ಬರೆದುಕೊಟ್ಟೆ. ನನಗೂ ನೋಟೀಸು ಬಂದಿದೆ, ಉತ್ತರ ಕೊಟ್ಟಿದ್ದೇನೆ. ಅವಳಿಗೆ ಇನ್ನೂ ಜೇವರ್ಗಿ ಸಿಕ್ಕಿಲ್ಲ. ಹೇಳಿದರೆ ಹಗುರಾಗುತ್ತದೆ ಎನ್ನುತ್ತಾರೆ. ನನಗೆ ಹಗುರಾಗಲಿಲ್ಲ, ದಣಿವೂ ಇಳಿಯಲಿಲ್ಲ. ಅವಳ ಸೊಂಟದ ಮೇಲೆ ಹೊರಿಸಿದ ದಾರಿಯನ್ನು ನನ್ನ ಯಾವ ಪತ್ರವೂ ವಾಪಸು ತೆಗೆದುಕೊಳ್ಳುವುದಿಲ್ಲ.

ಮುಂದಿನ ತಿಂಗಳು ಪಾಸ್ಟರ್ ಬರುವ ಭಾನುವಾರ ಮತ್ತೆ ಅಫಜಲಪುರ. ಹೋಗದೆ ಇರೋಣ ಎಂದುಕೊಂಡೆ. ಒಣದ್ರಾಕ್ಷಿ ನೆನೆಹಾಕಿಬಿಟ್ಟಿದ್ದೆ, ಹೋದೆ. ಆಜ್ಞೆಗಳನ್ನು ಎಲ್ಲರೂ ಹೇಳುವಾಗ ನಾನು ಒಂಬತ್ತಕ್ಕೂ ನಿಂತೆ, ಹತ್ತಕ್ಕೂ ನಿಂತೆ. ಭೋಜನಕ್ಕೆ ಕರೆದಾಗ ಆಯಿ ನನ್ನ ರಟ್ಟೆ ಹಿಡಿದು ಎಬ್ಬಿಸಿಕೊಂಡು ಹೋಗಿ ಪಕ್ಕದಲ್ಲಿ ಕೂರಿಸಿಕೊಂಡಳು. ಅವಳ ಆಚೆಗೆ ನೆಗೆಣ್ಣಿ. ಮೊಣಕಾಲು ಫರ್ಸಿಗೆ ಒತ್ತಿ ಜೀವ ಹೋಗುವಂತಾಯಿತು. ತಟ್ಟೆ ಆ ಕಡೆಯಿಂದ ಬರುತ್ತಿತ್ತು. ನೆಗೆಣ್ಣಿ ತೆಗೆದುಕೊಂಡಳು. ಆಯಿ ತೆಗೆದುಕೊಂಡಳು. ನನ್ನ ಮುಂದೆ ಬಂದು ನಿಂತಿತು. ನನ್ನ ಕೈಗಳು ಮಡಿಲಲ್ಲೇ ಇದ್ದವು.

ಆಯಿ ಮೊಣಕೈಯಿಂದ ನನ್ನ ಪಕ್ಕೆಗೆ ತಿವಿದಳು.

"ಮೊನ್ನಿ ಕಬ್ಬು ಕಳಸಿದ್ದಳ್ರಿ," ಎಂದು ಪಿಸುಗುಟ್ಟಿದಳು. "ಎಮ್ಮಿಗೇ ಹಾಕಿದೆ. 
ಆದ್ರೂ ನನಗ ಕೊಟ್ರು ನೋಡ್ರಿ. ಕೈ ಚಾಚ್ರಿ ಅಕ್ಕೋರ, ಅವರು ಹಂಗೇ ನಿಂತಾರ."

ಚಾಚಿದೆ.